ಕಲ್ಲಿಗೆ ಸಲ್ಲದ ಕೀರ್ತಿ

ಮನೆಯಲ್ಲೇ ಬ್ರೆಡ್ ಸುಡುವವರು ಈಗ ನಮ್ಮ ನಗರಗಳಲ್ಲಿ ಅಪರೂಪವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಹೊತ್ತು ಕಳೆಯಲು ಹುಳಿಹಿಟ್ಟು ಸಾಕಿಕೊಂಡ ಎಷ್ಟೋ ಮಂದಿ ಆ ಅಭ್ಯಾಸವನ್ನು ಬಿಟ್ಟಿಲ್ಲ. ಅವರಲ್ಲಿ ಕೆಲವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಹಿಟ್ಟು ಕೊಳ್ಳುವುದನ್ನೇ ನಿಲ್ಲಿಸಿ ಗೋಧಿ ತಂದು ತಾವೇ ಬೀಸಿಕೊಳ್ಳುತ್ತಿದ್ದಾರೆ. ಇದಕ್ಕೆ ಅವರು ಕೊಡುವ ಕಾರಣ ಹೆಚ್ಚುಕಡಿಮೆ ಒಂದೇ. ಕಾಳು ಒಡೆದ ಗಳಿಗೆಯಿಂದಲೇ ಹಿಟ್ಟಿನ ಸತ್ವ ಸೋರಿಹೋಗತೊಡಗುತ್ತದೆ, ದೊಡ್ಡ ಗಿರಣಿಯ ರೋಲರುಗಳ ಬಿಸಿಗೆ ಉಳಿದದ್ದೂ ಸುಟ್ಟುಹೋಗುತ್ತದೆ, ಪ್ಯಾಕೆಟ್ಟಿನ ಹಿಟ್ಟು ತಿಂಗಳುಗಟ್ಟಲೆ ಕೆಡದಿರುವುದೇ ಅದು ಸತ್ತ ಹಿಟ್ಟು ಎನ್ನುವುದಕ್ಕೆ ಸಾಕ್ಷಿ, ಆದ್ದರಿಂದ ಅಜ್ಜಿ ಬೀಸುತ್ತಿದ್ದ ಹಾಗೆ ಅಂದಂದಿಗೆ ಕಲ್ಲಿನಲ್ಲಿ ಬೀಸಿದ ಹಿಟ್ಟೇ ಆರೋಗ್ಯಕ್ಕೆ ಒಳ್ಳೆಯದು. ಬೀಸಿದ ಒಂದು ದಿನದೊಳಗೆ ಶೇ. 40ರಷ್ಟು, ಮೂರು ದಿನದೊಳಗೆ ಶೇ. 90ರಷ್ಟು ಜೀವಸತ್ವ ನಾಶವಾಗುತ್ತದೆ ಎಂಬ ಲೆಕ್ಕವೂ ಈ ಮಾತಿನ ಜೊತೆ ಬಾಯಿಂದ ಬಾಯಿಗೆ ಹರಿದಾಡುತ್ತದೆ.

ಈ ನಂಬಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಅದರ ಬುಡದಲ್ಲಿ ಗಟ್ಟಿಯಾದ ಸತ್ಯವೊಂದಿದೆ. ಗೋಧಿಯ ಕಾಳಿನಲ್ಲಿ ಸುಮಾರು ಶೇ. 83 ಭಾಗ ಬಿಳಿಯ ತಿರುಳು, ಶೇ. 14ರಷ್ಟು ಬೂಸ, ಶೇ. 2ರಿಂದ 3ರಷ್ಟು ಮೊಳಕೆಯ ಕಣ್ಣು. ತಿರುಳಿನಲ್ಲಿರುವುದು ಮುಖ್ಯವಾಗಿ ಪಿಷ್ಟ ಮತ್ತು ಪ್ರೋಟೀನು. ನಾರು, ಕಬ್ಬಿಣ, ಸತು, ಬಿ ಗುಂಪಿನ ಜೀವಸತ್ವಗಳು ಬಹುಪಾಲು ಬೂಸದಲ್ಲೂ ಅದಕ್ಕೆ ಅಂಟಿಕೊಂಡ ಒಳಪದರದಲ್ಲೂ ಇರುತ್ತವೆ, ಎಣ್ಣೆ ಮತ್ತು ಇ ಜೀವಸತ್ವ ಮೊಳಕೆಯಲ್ಲಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಂಗೆರಿಯ ಬುಡಾಪೆಸ್ಟ್‌ನ ಗಿರಣಿಗಳಲ್ಲಿ ಪಳಗಿದ ರೋಲರ್ ವಿಧಾನ ಈ ಮೂರನ್ನೂ ಅಚ್ಚುಕಟ್ಟಾಗಿ ಬೇರ್ಪಡಿಸಿ ತಿರುಳನ್ನಷ್ಟೇ ಮೈದಾ ಮಾಡಿ ಕೊಡಲು ಕಲಿಯಿತು. ಮೈದಾ ಆಗುವಾಗ ಥಯಮಿನ್, ಕಬ್ಬಿಣ, ನಾರುಗಳ ದೊಡ್ಡ ಪಾಲು ಬೂಸದ ಜೊತೆ ದನದ ಕೊಟ್ಟಿಗೆಗೆ ಹೋಗುತ್ತದೆ. ಇದನ್ನು ಯಾವ ಆಹಾರ ವಿಜ್ಞಾನಿಯೂ ಅಲ್ಲಗಳೆಯುವುದಿಲ್ಲ. ರೋಲರ್ ಬರುವುದಕ್ಕೂ ಮೊದಲೇ, 1837ರಲ್ಲಿ, ಅಮೆರಿಕದ ಸಿಲ್ವೆಸ್ಟರ್ ಗ್ರಹಾಂ ಬೂಸ ತೆಗೆಯದ ಹಿಟ್ಟಿನಿಂದ ಮನೆಯಲ್ಲೇ ಮಾಡಿದ ಬ್ರೆಡ್ಡಿನ ಪರವಾಗಿ ಒಂದು ಪುಸ್ತಕವನ್ನೇ ಬರೆದಿದ್ದ. ಗಾಂಧೀಜಿ ಜೋಹಾನ್ಸ್‌ಬರ್ಗ್‌ನಲ್ಲಿದ್ದಾಗ ಏಳು ಪೌಂಡ್ ಕೊಟ್ಟು ಕೈಗಿರಣಿಯೊಂದನ್ನು ತಂದು, ಗೆಳೆಯ ಪೋಲಾಕ್ ಮತ್ತು ಮಕ್ಕಳ ಜೊತೆ ಸೇರಿ ಬೀಸಿ, ಹುದುಗು ಹಾಕದ ಬ್ರೆಡ್ ಮಾಡಿಸುತ್ತಿದ್ದುದನ್ನು ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರು ಅಲ್ಲಿ ಕೊಡುವ ಕಾರಣಗಳು ಸರಳತೆ, ಆರೋಗ್ಯ, ಮಿತವ್ಯಯ. ಮೂರು ಬೇರೆ ಬೇರೆ ಕಾರಣಗಳು ಎನ್ನುವುದನ್ನು ಗಮನಿಸಬೇಕು. ಇಂದಿನ ಬೀಸುವವರು ಮೂರನ್ನೂ ಆರೋಗ್ಯದ ಖಾತೆಗೆ ಬರೆದುಬಿಡುತ್ತಾರೆ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. 'ಮನೆಯಲ್ಲಿ ಬೀಸಿದ ಹಿಟ್ಟು ಒಳ್ಳೆಯದು' ಎನ್ನುವುದು ನೋಡಲು ಒಂದೇ ಮಾತು, ಒಳಗೆ ನಾಲ್ಕು:

1. ಬೂಸ, ಮೊಳಕೆ ತೆಗೆಯದ ಇಡಿ ಹಿಟ್ಟು ಮೈದಾಗಿಂತ ಒಳ್ಳೆಯದು.
2. ಕಲ್ಲಿನಲ್ಲಿ ಬೀಸಿದ್ದು ರೋಲರಿನಲ್ಲಿ ಬೀಸಿದ್ದಕ್ಕಿಂತ ಒಳ್ಳೆಯದು.
3. ಈಗಷ್ಟೇ ಬೀಸಿದ್ದು ಇಟ್ಟಿದ್ದಕ್ಕಿಂತ ಒಳ್ಳೆಯದು.
4. ನಮ್ಮ ಕಣ್ಣೆದುರು ಆದದ್ದು ಅಂಗಡಿಯದಕ್ಕಿಂತ ನಂಬಿಕೆಗೆ ಅರ್ಹ.

ಮೊದಲನೆಯದು ನಿಜ. ಅದರ ಬೆನ್ನ ಮೇಲೆ ಉಳಿದ ಮೂರೂ ಸವಾರಿ ಮಾಡುತ್ತಿವೆ. ಒಂದೊಂದನ್ನೂ ಕೆಳಗಿಳಿಸಿ ಅದರ ಕಾಲ ಮೇಲೆ ನಿಲ್ಲುತ್ತದೆಯೇ ನೋಡೋಣ.

ಕಲ್ಲಿನಿಂದ ಆರಂಭಿಸುವೆ, ಏಕೆಂದರೆ ಗೊಂದಲ ಅಲ್ಲಿ ಎಲ್ಲಕ್ಕಿಂತ ಹೆಚ್ಚು. ಕಲ್ಲು ಎಂದರೆ ಇಡಿ ಹಿಟ್ಟು, ರೋಲರ್ ಎಂದರೆ ಮೈದಾ ಎಂಬ ಸಮೀಕರಣವೇ ತಪ್ಪು. ಹಿಟ್ಟಿನಿಂದ ಬೂಸ ತೆಗೆಯುವುದು ಜರಡಿ, ಕಲ್ಲೂ ಅಲ್ಲ, ರೋಲರೂ ಅಲ್ಲ. ರೋಲರುಗಳು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮುಂಚೆ ರೋಮಿನ, ಯುರೋಪಿನ ಉಳ್ಳವರು ಕಲ್ಲಿನಲ್ಲಿ ಬೀಸಿದ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿಸಿ ಬಿಳಿ ಬ್ರೆಡ್ಡನ್ನೇ ತಿನ್ನುತ್ತಿದ್ದರು. ಕಂದು ಬ್ರೆಡ್ಡು ಬಡವರ ಪಾಲಿಗಿತ್ತು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲೂ ಮಂಡಿಗೆಗೆ, ಶಾವಿಗೆಗೆ ಬೇಕಾದ ಹಿಟ್ಟನ್ನು ಬೀಸುವ ಕಲ್ಲಿನಲ್ಲೇ ಬೀಸಿ, ತೆಳುಬಟ್ಟೆಯಲ್ಲಿ ಸಾಣಿಸಿ ಬೆಳ್ಳಗೆ ಮಾಡುತ್ತಿದ್ದರು. ಇತ್ತ ರೋಲರ್ ಗಿರಣಿಯೂ ಮನಸ್ಸು ಮಾಡಿದರೆ ಬೇರ್ಪಡಿಸಿದ ಬೂಸ, ಮೊಳಕೆಗಳನ್ನು ಮತ್ತೆ ಅದೇ ಪ್ರಮಾಣದಲ್ಲಿ ಕೂಡಿಸಿ ಇಡಿ ಹಿಟ್ಟು ಕೊಡಬಲ್ಲದು. ಯುರೋಪಿನಲ್ಲಿ ಹಿಟ್ಟಿನ ವ್ಯಾಪಾರ ಈ ಸತ್ಯವನ್ನು ಎಂದೋ ಒಪ್ಪಿಕೊಂಡಿದೆ. ಜರ್ಮನಿಯಲ್ಲಿ 405, 550, 1050 ಎಂದೂ ಫ್ರಾನ್ಸಿನಲ್ಲಿ ಟಿ55, ಟಿ150 ಎಂದೂ ಹಿಟ್ಟಿಗೆ ಕೊಡುವ ಸಂಖ್ಯೆಗಳು ಆ ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಪ್ರಮಾಣವನ್ನು ಹೇಳುತ್ತವೆ. ಬೂದಿ ಎಂದರೆ ಖನಿಜಾಂಶ, ಖನಿಜಾಂಶವೆಂದರೆ ಹೊರಪದರ ಎಷ್ಟು ಉಳಿದಿದೆ ಎನ್ನುವುದರ ಅಳತೆ. ಯಾವ ಯಂತ್ರದಲ್ಲಿ ಬೀಸಿದ್ದು ಎಂದು ಆ ಸಂಖ್ಯೆ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ.

ಬಿಸಿಯ ಮಾತು ಇನ್ನೂ ವಿಚಿತ್ರ. ವಾಸ್ತವ ತಲೆಕೆಳಗಾಗಿದೆ. ರೋಲರುಗಳು ಕಾಳನ್ನು ಹಂತಹಂತವಾಗಿ, ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪವೇ ಬಿಡಿಸುವುದರಿಂದ ಹಿಟ್ಟು ಅಷ್ಟಾಗಿ ಕಾಯುವುದಿಲ್ಲ. ವಿದ್ಯುತ್ ಚಕ್ಕಿಯಲ್ಲಿ ಎರಡು ಕಲ್ಲುಗಳ ನಡುವೆ ಒಂದೇ ಸಲಕ್ಕೆ ಇಡೀ ಕಾಳು ಅರೆದುಹೋಗುತ್ತದೆ, ಹಿಟ್ಟು 80 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ಗಿರಣಿಯಿಂದ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಮನೆಗೆ ತಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಲ್ಲುಗಳಲ್ಲಿ ತಣ್ಣಗೆ ಬೀಸುವುದು ನಿಧಾನ ತಿರುಗುವ ಕೈಕಲ್ಲು ಮಾತ್ರ, ಅದನ್ನು ಇಂದು ತಿರುಗಿಸುವವರು ಎಷ್ಟು ಮಂದಿ? ಹಾಗೆಂದು ಚಕ್ಕಿಯ ಬಿಸಿ ಕೆಡುಕೆಂದೂ ನಾನು ಹೇಳುತ್ತಿಲ್ಲ. ಆ ಒತ್ತಡಕ್ಕೆ ಪಿಷ್ಟದ ಕಣಗಳು ಬಿರಿದು ನೀರನ್ನು ಹೆಚ್ಚು ಹೀರುತ್ತವೆ, ಅದರಿಂದಲೇ ನಮ್ಮ ಚಪಾತಿ ಮೆತ್ತಗಾಗುತ್ತದೆ. ಅದೇ ಬಿರಿದ ಪಿಷ್ಟ ಅತಿಯಾದರೆ ಬ್ರೆಡ್ಡಿನ ಒಡಲು ಅಂಟಂಟಾಗುತ್ತದೆ. ಅಂದರೆ ಚಪಾತಿಗೆ ವರವಾದದ್ದು ಬ್ರೆಡ್ಡಿಗೆ ತೊಡಕು. ಯಾವ ಯಂತ್ರ ಒಳ್ಳೆಯದು ಎನ್ನುವುದು ಏನು ಮಾಡುತ್ತೀರಿ ಎನ್ನುವುದರ ಮೇಲಿದೆ, ಸತ್ವದ ಪ್ರಶ್ನೆಯೇ ಅಲ್ಲಿಲ್ಲ. ಇನ್ನೊಂದು ತಮಾಷೆ ಎಂದರೆ ನಮ್ಮಲ್ಲಿ 'ಮನೆ ಚಕ್ಕಿ' ಎಂದು ಮಾರಾಟವಾಗುವ ಬಹುಪಾಲು ಯಂತ್ರಗಳೊಳಗೆ ಕಲ್ಲೇ ಇರುವುದಿಲ್ಲ. ವೇಗವಾಗಿ ತಿರುಗುವ ಲೋಹದ ತುಂಡುಗಳು ಕಾಳನ್ನು ಬಡಿದು ಪುಡಿ ಮಾಡಿ, ಸುತ್ತಲಿನ ಜಾಲರಿಯ ಮೂಲಕ ಹಿಟ್ಟನ್ನು ಹೊರಹಾಕುತ್ತವೆ. ಕಲ್ಲಿನ ಮಹಿಮೆ ಕೇಳಿ ಯಂತ್ರ ಕೊಂಡವರು ಒಮ್ಮೆ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು.

ಕಲ್ಲು, ರೋಲರುಗಳ ಜಗಳ ಎಷ್ಟು ಪೊಳ್ಳು ಎಂದು ತಿಳಿಯಬೇಕಾದರೆ ರಾಗಿಯನ್ನು ನೋಡಿದರೆ ಸಾಕು. ರಾಗಿಯ ಕಾಳು ಬಹಳ ಸಣ್ಣದು, ಅದರ ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ಗೋಧಿಯಂತೆ ಅದನ್ನು ಸುಲಭವಾಗಿ ಸುಲಿದು ಬಿಳುಪಾಗಿಸಲು ಬರಲಿಲ್ಲ. ಹಾಗಾಗಿ ಅಜ್ಜಿಯ ರಾಗಿಕಲ್ಲಿನಲ್ಲಿ ಬೀಸಿದಾಗಲೂ, ಊರ ಮಿಷನ್ನಿನಲ್ಲಿ ಹಾಕಿಸಿದಾಗಲೂ, ಕಾರ್ಖಾನೆಯ ಪ್ಯಾಕೆಟ್ಟಿನಲ್ಲೂ ರಾಗಿಹಿಟ್ಟು ಬಹುಮಟ್ಟಿಗೆ ಇಡಿ ಹಿಟ್ಟಾಗಿಯೇ ಉಳಿಯಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಇರುವ ಕ್ಯಾಲ್ಸಿಯಂ ಬೀಸಿದ ಯಂತ್ರವನ್ನು ನೋಡಿ ಕಡಿಮೆಯಾಗುವುದಿಲ್ಲ. ಯಂತ್ರ ಬದಲಾಯಿತು, ಕಾಳಿನಿಂದ ಏನನ್ನೂ ತೆಗೆಯಲಿಲ್ಲ, ಸತ್ವ ಉಳಿಯಿತು. ಗೋಧಿಯಲ್ಲಿ ಆದ ನಷ್ಟಕ್ಕೆ ಹೊಣೆ ತೆಗೆದುಹಾಕುವ ಕ್ರಿಯೆಯೇ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಇನ್ನು ತಾಜಾತನ. ಮೂರು ದಿನಕ್ಕೆ ಶೇ. 90 ಎಂಬ ಲೆಕ್ಕ ಒಂದು ಸರಳ ಪ್ರಶ್ನೆಗೆ ನಿಲ್ಲುವುದಿಲ್ಲ: ಯಾವ ಸತ್ವ? ಕಬ್ಬಿಣ, ಸತು, ಮೆಗ್ನೀಸಿಯಂ ಇವು ಮೂಲಧಾತುಗಳು. ಹಿಟ್ಟು ಹಳತಾದರೂ ಅವು ಗಾಳಿಯಲ್ಲಿ ಹಾರಿಹೋಗುವುದಿಲ್ಲ. ನಾರೂ ಹಾಗೆಯೇ. ಒಣಗಿದ ಹಿಟ್ಟಿನಲ್ಲಿ ಥಯಮಿನ್, ನಯಾಸಿನ್‌ನಂಥ ಬಿ ಜೀವಸತ್ವಗಳು ಸಾಧಾರಣ ಉಷ್ಣತೆಯಲ್ಲಿ ತಿಂಗಳುಗಟ್ಟಲೆ ಬಹುತೇಕ ಉಳಿಯುತ್ತವೆ. ಥಯಮಿನ್ ನಿಜವಾಗಿ ಪೆಟ್ಟು ತಿನ್ನುವುದು ಒಲೆಯ ಶಾಖದಲ್ಲಿ, ಆ ಪೆಟ್ಟು ಬೆಳಿಗ್ಗೆ ಬೀಸಿದ ಹಿಟ್ಟಿಗೂ ತಪ್ಪದು. ಹಾಗಾದರೆ ಇಟ್ಟ ಹಿಟ್ಟಿನಲ್ಲಿ ಕೆಡುವುದು ಏನು? ಎಣ್ಣೆ. ಕಾಳು ಇಡಿಯಾಗಿದ್ದಾಗ ಮೊಳಕೆಯ ಎಣ್ಣೆ ಒಂದು ಕಡೆ, ಅದನ್ನು ಒಡೆಯುವ ಕಿಣ್ವಗಳು ಇನ್ನೊಂದು ಕಡೆ ಇರುತ್ತವೆ. ಬೀಸಿದೊಡನೆ ಎರಡೂ ಕೂಡಿ, ಗಾಳಿ ತಗುಲಿ, ವಾರಗಳು ಕಳೆದಂತೆ ಹಿಟ್ಟು ಕಮಟುತ್ತದೆ, ಕಹಿಯಾಗುತ್ತದೆ. ಇ ಜೀವಸತ್ವ ಕುಂದುತ್ತದೆ, ಪರಿಮಳ ಅದಕ್ಕೂ ಮೊದಲೇ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಆದ್ದರಿಂದ ತಾಜಾ ಹಿಟ್ಟಿನ ಪರವಾದ ವಾದ ರುಚಿಯ ವಾದವಾಗಿ ಅತ್ಯಂತ ಬಲವಾದದ್ದು. ಈಗಷ್ಟೇ ಬೀಸಿದ ಗೋಧಿಯ ಬ್ರೆಡ್ಡಿನಲ್ಲಿರುವ ಸಿಹಿಯಾದ ಘಮ ಎರಡು ತಿಂಗಳ ಹಳೆಯ ಹಿಟ್ಟಿನಲ್ಲಿ ಬರುವುದಿಲ್ಲ, ಅದನ್ನು ಮೂಗಿರುವ ಯಾರಾದರೂ ಒಪ್ಪಬೇಕು. ಆರೋಗ್ಯದ ವಾದವಾಗಿ ಮಾತ್ರ ಅದು ತೀರಾ ತೆಳು. ಸಣ್ಣ ಪ್ಯಾಕೆಟ್ಟು ಕೊಂಡು, ಬೀಸಿದ ದಿನಾಂಕ ನೋಡಿ, ಫ್ರಿಜ್ಜಿನಲ್ಲಿಟ್ಟರೆ ಆ ತೆಳು ವಾದವೂ ಕರಗುತ್ತದೆ.

ಬ್ರೆಡ್ಡಿನ ಮಟ್ಟಿಗೆ ತಾಜಾತನದಿಂದ ತೊಂದರೆಯೂ ಇದೆ. ಹಿಟ್ಟು ಕೆಲವು ವಾರ ಗಾಳಿಯಲ್ಲಿ ಪಳಗಿದರೆ ಅದರ ಗ್ಲುಟೆನ್, ಅಂದರೆ ಕಣಕಕ್ಕೆ ಹಿಡಿತ ಕೊಡುವ ಪ್ರೋಟೀನು, ಬಿಗಿಯಾಗುತ್ತದೆ, ಕಣಕ ಚೆನ್ನಾಗಿ ಉಬ್ಬುತ್ತದೆ. ಹಿಟ್ಟು ಪಳಗಲಿಕ್ಕೆ ಬಿಡುವುದು ಬ್ರೆಡ್ ಸುಡುವವರ ಹಳೆಯ ಪದ್ಧತಿ. ಕಾಯುವ ವ್ಯವಧಾನವಿಲ್ಲದ ಕಾರ್ಖಾನೆಗಳು ಅದೇ ಪರಿಣಾಮವನ್ನು ಕೆಲವೇ ಗಂಟೆಗಳಲ್ಲಿ ಪಡೆಯಲು ಪೊಟ್ಯಾಸಿಯಂ ಬ್ರೋಮೇಟ್‌ನಂಥ ರಾಸಾಯನಿಕಗಳಿಗೆ ಕೈಹಾಕಿದವು. ಆಗಷ್ಟೇ ಬೀಸಿದ ಇಡಿ ಹಿಟ್ಟಿನಲ್ಲಿ ಮೊಳಕೆಯಲ್ಲಿರುವ ಗ್ಲುಟಾಥಯೋನ್ ಎಂಬ ವಸ್ತು ಗ್ಲುಟೆನ್ನಿನ ಎಳೆಗಳನ್ನು ಸಡಿಲಿಸುತ್ತದೆ, ಬೂಸದ ಚೂರುಗಳೂ ಅವಕ್ಕೆ ಅಡ್ಡಬರುತ್ತವೆ. ಮನೆಯಲ್ಲಿ ಬೀಸಿ ಮಾಡಿದ ಬ್ರೆಡ್ಡು ಇಟ್ಟಿಗೆಯಂತಾಯಿತು ಎಂದು ಗೊಣಗುವವರು ಹುದುಗನ್ನು ಬಯ್ಯುವ ಮೊದಲು ಇದನ್ನು ನೆನೆಯಬೇಕು. ಗೋಧಿಯ ಜಾತಿಯೂ ಇಲ್ಲಿ ಮುಖ್ಯ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬೆಳೆಯುವ ಸದಕ, ಅಂದರೆ ಖಪ್ಲಿ ಗೋಧಿಯನ್ನು ಈಗ ಬೆಂಗಳೂರಿನ ಬ್ರೆಡ್ ಪ್ರಿಯರು ಹುಡುಕಿಕೊಂಡು ಹೋಗುತ್ತಾರೆ. ಹುಗ್ಗಿಗೆ, ರವೆಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಅದರ ಗ್ಲುಟೆನ್ ದುರ್ಬಲ, ಬ್ರೆಡ್ಡು ಉಬ್ಬುವುದಿಲ್ಲ. ದುರ್ಬಲ ಎಂದಮಾತ್ರಕ್ಕೆ ಇಲ್ಲ ಎಂದಲ್ಲ. ಅದರಲ್ಲಿ ಗ್ಲುಟೆನ್ನೇ ಇಲ್ಲ ಎಂದು ಹೇಳಿ, ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಮಾರುವುದು ಅಪಾಯದ ಸುಳ್ಳು.

ಈಗ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಬೇಕು. ಒಂದೊಂದು ಅಂಶವನ್ನೂ ಹೀಗೆ ಬಿಡಿಸಿ ನೋಡಿದರೆ ಒಟ್ಟು ಆಹಾರದ ಗುಣ ಕಣ್ತಪ್ಪುತ್ತದೆ, ಪ್ರಯೋಗಶಾಲೆ ಅಳೆಯದ ಏನೋ ಇಡಿ ಕಾಳಿನಲ್ಲಿ ಇದೆ ಎನ್ನುವ ಆಕ್ಷೇಪ. ಒಪ್ಪಬಹುದು. ಹಾಗಾದರೆ ಅಂಶಗಳನ್ನು ಬಿಟ್ಟು ಮನುಷ್ಯರನ್ನೇ ನೋಡೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಎಲ್ಸಿ ವಿಡೊಸನ್ ಮತ್ತು ಆರ್. ಎ. ಮೆಕಾನ್ಸ್ ಜರ್ಮನಿಯ ಅನಾಥಾಲಯಗಳಲ್ಲಿ, ಹೊಟ್ಟೆಗಿಲ್ಲದೆ ಸೊರಗಿದ್ದ ಮಕ್ಕಳಿಗೆ ಬೇರೆ ಬೇರೆ ಹಿಟ್ಟಿನ ಬ್ರೆಡ್ ಕೊಟ್ಟು ನೋಡಿದರು. ಕೆಲವರಿಗೆ ಇಡಿ ಗೋಧಿಯದು, ಕೆಲವರಿಗೆ ಅರ್ಧಂಬರ್ಧ ಜರಡಿ ಹಿಡಿದದ್ದು, ಕೆಲವರಿಗೆ ಬಿಳಿಯದು, ಕೆಲವರಿಗೆ ಜೀವಸತ್ವ, ಕಬ್ಬಿಣ ಸೇರಿಸಿದ ಬಿಳಿಯದು. ಹಾಲು, ಮಾಂಸ ಇಲ್ಲವೆನ್ನುವಷ್ಟು ಕಡಿಮೆ, ಬ್ರೆಡ್ಡೇ ಊಟದ ಮುಖ್ಯ ಭಾಗ, ಜೊತೆಗೆ ತರಕಾರಿ. ಎಲ್ಲ ಗುಂಪಿನ ಮಕ್ಕಳೂ ಚೆನ್ನಾಗಿ ಚೇತರಿಸಿಕೊಂಡರು, ಎತ್ತರದಲ್ಲಿ, ತೂಕದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 1954ರಲ್ಲಿ ಪ್ರಕಟವಾದ ಈ ಫಲಿತಾಂಶ ಇಡಿ ಗೋಧಿಯ ಪಕ್ಷಪಾತಿಗಳಿಗೆ ನುಂಗಲಾರದ ತುತ್ತಾಯಿತು. ಬೆಳೆಯುವ ವಯಸ್ಸಿನ ಎತ್ತರ, ತೂಕ ಬೇರೆ, ಐವತ್ತರ ನಂತರ ಬರುವ ಹೃದ್ರೋಗ, ಸಕ್ಕರೆ ಕಾಯಿಲೆ ಬೇರೆ ಎಂದು ಅವರು ಉತ್ತರಿಸಬಹುದು. ಆ ಉತ್ತರ ಸರಿಯಾದುದೇ. ಅಮೆರಿಕದಲ್ಲಿ 1976ರಲ್ಲಿ ಆರಂಭವಾಗಿ ದಾದಿಯರನ್ನು ದಶಕಗಳ ಕಾಲ ಗಮನಿಸುತ್ತ ಬಂದ ಅಧ್ಯಯನದಲ್ಲಿ ಇಡಿ ಧಾನ್ಯ ಹೆಚ್ಚು ತಿಂದವರಲ್ಲಿ ಈ ಎರಡೂ ರೋಗಗಳು ಕಡಿಮೆ ಕಂಡುಬಂದವು. ಇಂಥ ಅಧ್ಯಯನಗಳು ಕಾರಣವನ್ನು ಸಾಧಿಸಿ ತೋರಿಸುವುದಿಲ್ಲವಾದರೂ ನನ್ನ ಮೊದಲನೆಯ ಅಂಶಕ್ಕೆ ಅವು ಒಳ್ಳೆಯ ಬೆಂಬಲ. ಆದರೆ ಆ ದಾದಿಯರಲ್ಲಿ ಬಹುತೇಕರು ತಿಂದ ಇಡಿ ಧಾನ್ಯ ಎಲ್ಲಿಯದು? ಕಾರ್ಖಾನೆಯಲ್ಲಿ ಬೀಸಿ, ಪ್ಯಾಕೆಟ್ಟು ಮಾಡಿ, ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಕಾದು ಕುಳಿತಿದ್ದು. 'ಸತ್ತ ಹಿಟ್ಟು' ಎಂದು ಹೀಗಳೆಯುವ ಹಿಟ್ಟಿನಿಂದಲೇ ಇಡಿ ಧಾನ್ಯದ ಕೀರ್ತಿ ಸಂಪಾದನೆಯಾಗಿದೆ. ಆ ಪುರಾವೆಯನ್ನು ತಾಜಾ ಬೀಸಿದ ಹಿಟ್ಟಿನ ಹೆಸರಿನಲ್ಲಿ ಬಳಸಿಕೊಳ್ಳುವುದು ಬೇರೆಯವರ ಫಸಲನ್ನು ತನ್ನ ಕಣಕ್ಕೆ ಹೊತ್ತ ಹಾಗೆ.

ಇಡಿ ಹಿಟ್ಟಿನ ಬಗ್ಗೆಯೂ ಎರಡು ಎಚ್ಚರದ ಮಾತು ಸಲ್ಲುತ್ತವೆ, ಏಕೆಂದರೆ ಬೀಸುವವರು ಅಲ್ಲಿಗೆ ನಿಂತುಬಿಡುತ್ತಾರೆ. ಒಂದು, ನುಣ್ಣಗೆ ಬೀಸಿದ ಇಡಿ ಗೋಧಿಯ ಬ್ರೆಡ್ಡು ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬಿಳಿ ಬ್ರೆಡ್ಡಿಗಿಂತ ಅಷ್ಟೇನೂ ಹಿಂದಿಲ್ಲ. 2008ರ ಅಂತಾರಾಷ್ಟ್ರೀಯ ಗ್ಲೈಸೆಮಿಕ್ ಸೂಚ್ಯಂಕದ ಪಟ್ಟಿಯಲ್ಲಿ ಬಿಳಿಯದಕ್ಕೆ 75, ಇಡಿ ಗೋಧಿಯದಕ್ಕೆ 74. ಪಚನವನ್ನು ನಿಧಾನಗೊಳಿಸುವುದು ಒಡೆಯದೆ ಉಳಿದ ಕಾಳು, ದಪ್ಪ ನುಚ್ಚು. ಮನೆಯಲ್ಲಿ ಬೀಸುವವರಿಗೆ ಇಲ್ಲಿ ನಿಜವಾದ ಅನುಕೂಲವೊಂದಿದೆ, ತರಿತರಿಯಾಗಿ ಬೇಕಾದ ಹಾಗೆ ಬೀಸಿಕೊಳ್ಳಬಹುದು. ಆದರೆ ಹೆಚ್ಚಿನವರು ಯಂತ್ರದ ಅತಿ ನುಣುಪಾದ ಜಾಲರಿಯನ್ನೇ ಹಾಕುತ್ತಾರೆ. ಎರಡು, ಬೂಸದಲ್ಲಿ ಕಬ್ಬಿಣ, ಸತುಗಳ ಜೊತೆಗೆ ಅವನ್ನು ಕಟ್ಟಿಹಾಕುವ ಫೈಟೇಟ್ ಕೂಡ ಇದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಈ ಕಟ್ಟನ್ನು ಬಿಚ್ಚುವುದು ಬೀಸುವ ವಿಧಾನವಲ್ಲ, ಹುಳಿ ಬರಿಸುವ ಕ್ರಮ. ಹುಳಿಹಿಟ್ಟಿನಲ್ಲಿ ದೀರ್ಘಕಾಲ ಕಳಿತ ಕಣಕದಲ್ಲಿ ಆಮ್ಲೀಯತೆ ಏರಿ, ಗೋಧಿಯದೇ ಫೈಟೇಸ್ ಕಿಣ್ವ ಚುರುಕಾಗಿ ಫೈಟೇಟನ್ನು ಒಡೆಯುತ್ತದೆ. ಆರೋಗ್ಯಕ್ಕಾಗಿಯೇ ಮನೆಯಲ್ಲಿ ಬ್ರೆಡ್ ಮಾಡುವವರು ಹಣವನ್ನು ಯಂತ್ರಕ್ಕೆ ಸುರಿಯುವ ಬದಲು ಸಮಯವನ್ನು ಕಣಕಕ್ಕೆ ಕೊಟ್ಟರೆ ಹೆಚ್ಚು ಲಾಭ.

ಉಳಿದದ್ದು ನಂಬಿಕೆಯ ಪ್ರಶ್ನೆ. ಇದು ಬರೀ ಭ್ರಮೆಯಲ್ಲ. ಕ್ಯಾರಮೆಲ್ ಬಣ್ಣ ಹಾಕಿ ಮೈದಾ ಬ್ರೆಡ್ಡನ್ನೇ 'ಬ್ರೌನ್ ಬ್ರೆಡ್' ಎಂದು ಮಾರುವುದನ್ನು ಎಲ್ಲರೂ ಬಲ್ಲರು. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬ್ರೆಡ್ಡುಗಳ ಪರೀಕ್ಷಾ ವರದಿಯನ್ನು ಹೊರಗೆಡವಿದ ಮೇಲಷ್ಟೇ ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಯಾಸಿಯಂ ಬ್ರೋಮೇಟನ್ನು ನಿಷೇಧಿಸಿತು. ಕಣ್ಣೆದುರಿನ ಹಿಟ್ಟೇ ಬೇಕು ಎನ್ನುವವರ ಅನುಮಾನಕ್ಕೆ ಆಧಾರವಿದೆ. ಆದರೆ ಆ ಪ್ರಕರಣ ಏನನ್ನು ಸಾಬೀತುಪಡಿಸಿತು? ಬೇಕರಿಯಲ್ಲಿ ಕಣಕಕ್ಕೆ ಸೇರಿಸುತ್ತಿದ್ದುದನ್ನು. ಅದರಿಂದ ತಪ್ಪಿಸಿಕೊಳ್ಳಲು ಬ್ರೆಡ್ಡನ್ನು ಮನೆಯಲ್ಲಿ ಮಾಡಿದರೆ ಸಾಕು, ಹಿಟ್ಟನ್ನೂ ಮನೆಯಲ್ಲೇ ಬೀಸಬೇಕಿಲ್ಲ. ಗೋಧಿಯಲ್ಲೇ ಕೀಟನಾಶಕದ ಉಳಿಕೆಯೋ ಬೂಷ್ಟಿನ ವಿಷವೋ ಇದ್ದರೆ ಮನೆಯ ಯಂತ್ರ ಅದನ್ನು ಅಷ್ಟೇ ನಿಷ್ಠೆಯಿಂದ ಹಿಟ್ಟಿಗೆ ಸೇರಿಸುತ್ತದೆ. ದೊಡ್ಡ ಗಿರಣಿಯಲ್ಲಿ ಕಲ್ಲು, ಕಬ್ಬಿಣದ ಚೂರು, ದೂಳು, ಜೊಳ್ಳು ತೆಗೆಯಲು ಸಾಲುಸಾಲು ಯಂತ್ರಗಳಿವೆ, ಮನೆಯಲ್ಲಿ ಮೊರ ಹಿಡಿದು ಹಸನು ಮಾಡುವ ಕೈಗಳು ಯಾರವು ಎಂದು ಕೇಳಿಕೊಳ್ಳಬೇಕು. ಬೀಸುವ ಕಲ್ಲಿನ ಸುತ್ತ ಹುಟ್ಟಿದ ಹೆಂಗಸರ ಹಾಡುಗಳನ್ನು ಹಲಸಂಗಿ ಗೆಳೆಯರು 'ಗರತಿಯ ಹಾಡು' ಎಂದು ಸಂಗ್ರಹಿಸಿ ಕೊಟ್ಟದ್ದು ಕನ್ನಡದ ಭಾಗ್ಯ. ಆ ಹಾಡು ಸೊಗಸು ಎಂಬ ಕಾರಣಕ್ಕೆ ನಸುಕಿನಲ್ಲೆದ್ದು ದಿನದಿನವೂ ಬೀಸಿದ ದುಡಿಮೆಯೂ ಸೊಗಸಾಗಿತ್ತು ಎಂದುಕೊಳ್ಳುವುದು ಬೀಸದವರ ಕಲ್ಪನೆ. ಊರಿಗೆ ಗಿರಣಿ ಬಂದಾಗ ಕಲ್ಲನ್ನು ಮೂಲೆಗಿಟ್ಟವರು ಬೀಸುತ್ತಿದ್ದ ಹೆಂಗಸರೇ. ನಷ್ಟವಾಗುತ್ತಿದೆ ಎಂದು ಅವರು ಅಳಲಿಲ್ಲ.

ಅಜ್ಜಿ ಗಟ್ಟಿಮುಟ್ಟಾಗಿದ್ದಳಲ್ಲ ಎಂದರೆ, ಆಕೆ ತಿಂದದ್ದು ಇಡಿ ಕಾಳು, ಜೊತೆಗೆ ಬೇಳೆ, ಸೊಪ್ಪು, ಕಡಿಮೆ ಸಕ್ಕರೆ, ದಿನವಿಡೀ ಮೈಮುರಿಯುವ ಕೆಲಸ. ಇವೆಲ್ಲವನ್ನೂ ಬಿಟ್ಟು ಕಲ್ಲೊಂದನ್ನೇ ಅದಕ್ಕೆ ಕಾರಣ ಮಾಡಲು ಯಾವ ಆಧಾರವೂ ಇಲ್ಲ. ಗಟ್ಟಿಮುಟ್ಟಾಗಿ ಬಾಳದೆ ನಡುವಯಸ್ಸಿನಲ್ಲೇ ಹೋದ ಅಜ್ಜಿಯರೂ ಅದೇ ಕಲ್ಲಿನಲ್ಲಿ ಬೀಸಿದವರು, ಅವರನ್ನು ಯಾರೂ ಉದಾಹರಿಸುವುದಿಲ್ಲ.

ಬೀಸುವುದು ಬೇಡ ಎಂದು ಹೇಳಲು ನಾನು ಇಷ್ಟೆಲ್ಲ ಬರೆದಿಲ್ಲ. ತಾಜಾ ಹಿಟ್ಟಿನ ಪರಿಮಳ ಇಷ್ಟಪಡುವವರು, ಸದಕವನ್ನೂ ಜೋಳವನ್ನೂ ಒಂದಿಷ್ಟು ಬೆರೆಸಿ ನೋಡುವ ಕುತೂಹಲದವರು, ತರಿಯ ದಪ್ಪವನ್ನು ತಾವೇ ತೀರ್ಮಾನಿಸಬೇಕೆನ್ನುವವರು ಧಾರಾಳವಾಗಿ ಬೀಸಲಿ. ಅವು ಸಾಕಾದಷ್ಟು ಒಳ್ಳೆಯ ಕಾರಣಗಳು, ಅವಕ್ಕೆ ಔಷಧಿಯ ಲೇಬಲ್ಲು ಅಂಟಿಸಬೇಕಿಲ್ಲ. ಯಂತ್ರಕ್ಕೆ ಸಾವಿರಾರು ರೂಪಾಯಿ ಹೊಂದಿಸಲಾಗದೆ, ಮಕ್ಕಳಿಗೆ ಸತ್ತ ಹಿಟ್ಟು ತಿನ್ನಿಸುತ್ತಿದ್ದೇನೆಂದು ಕೊರಗುವ ತಾಯಂದಿರಿಗೆ ಮಾತ್ರ ಇಷ್ಟು ಹೇಳಬೇಕು: ಬೀದಿಯ ಗಿರಣಿಯಲ್ಲಿ ಹಾಕಿಸಿದ ಗೋಧಿಹಿಟ್ಟು, ಮೈದಾ ಬೆರೆಸದ ಪ್ಯಾಕೆಟ್ಟಿನ ಆಟಾ, ಎರಡೂ ನಿಮ್ಮ ಕೆಲಸಕ್ಕೆ ಸಾಕು. ಹಿಟ್ಟನ್ನು ಜರಡಿ ಹಿಡಿದು ಬೂಸವನ್ನು ಎಸೆಯಬೇಡಿ.